ಕುರ್ಚಿಯ ಅಡಿಭಾಗ

ಹಳೇ ಕುರ್ಚಿಯ ಪಕ್ಕಾ ಗಿರಾಕಿಯನ್ನು ಗುರುತಿಸುವುದು ಸುಲಭ. ಅವನು ಅದರ ಮೇಲೆ ಕೂರುವುದಿಲ್ಲ. ಎತ್ತಿ, ತಲೆಕೆಳಗು ಮಾಡಿ, ಅಡಿಭಾಗ ನೋಡುತ್ತಾನೆ.

ಚಿಕ್ಕಮಗಳೂರಿನಲ್ಲಿ ಇಂಥ ಗಿರಾಕಿಗಳು ಈಗ ಜಾಸ್ತಿ. ಹೋಂಸ್ಟೇ ಮಾಡುವವರು, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರು. ಅಜ್ಜನ ಕಾಲದ ಕೆತ್ತನೆಯ ಮಂಚ ಅವರಿಗೆ ಬೇಡ. ಕಾಲು ಚಾಚಿಕೊಳ್ಳಲು ಉದ್ದ ಕೈಗಳಿರುವ ತೋಟದ ಬಂಗಲೆಯ ಆರಾಮ ಕುರ್ಚಿಯೂ ಸಾಕಾಗಿದೆ. ಬೇಕಿರುವುದು 'ಮಿಡ್ ಸೆಂಚುರಿ ಮಾಡರ್ನ್'. ಎರಡನೇ ಮಹಾಯುದ್ಧ ಮುಗಿದ ಮೇಲಿನ ಎರಡು ಮೂರು ದಶಕಗಳಲ್ಲಿ ಬಂದ, ಕೆತ್ತನೆಯಿಲ್ಲದ, ಸಪೂರ ಕಾಲಿನ ಸಾಮಾನು. ಜೊತೆಗೆ ದೊಡ್ಡ ಡಿಸೈನರ್ ಒಬ್ಬರ ಹೆಸರೂ ಅಂಟಿಕೊಂಡಿದ್ದರೆ ಬೆಲೆ ಕೇಳಲೇಬೇಡಿ.

ಈ ಹುಚ್ಚಿನ ಒಳ್ಳೇ ಕಥೆಯೊಂದು ನಮ್ಮ ದೇಶದಲ್ಲೇ ನಡೆದಿದೆ. 1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ, ಆ ನಗರದ ಮುಖ್ಯ ವಾಸ್ತುಶಿಲ್ಪಿ ಲ ಕಾರ್ಬೂಸಿಯೇನ ಸೋದರಸಂಬಂಧಿ ಪಿಯರ್ ಜಾನೆರೆ ಮತ್ತು ಜೊತೆಯವರು ಅಲ್ಲಿನ ಕಚೇರಿಗಳಿಗೆ ಕುರ್ಚಿ ರೂಪಿಸಿದರು. ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ಕೈವಾರ ಬಿಚ್ಚಿ ನಿಲ್ಲಿಸಿದಂಥ ಕಾಲು. ಗುಮಾಸ್ತರು ವರ್ಷಗಟ್ಟಲೆ ಅದರಲ್ಲಿ ಕೂತು ಫೈಲು ನೋಡಿದರು. ಹಳತಾದವು ಗುಜರಿ ರಾಶಿ ಸೇರಿದವು, ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಹೋದವು. ಫ್ರಾನ್ಸಿನ ವ್ಯಾಪಾರಿಗಳು ಅವನ್ನು ಕೊಂಡು, ರಿಪೇರಿ ಮಾಡಿಸಿ, ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟಕ್ಕೂ ರಫ್ತಿಗೂ ತಡೆ ಹಾಕಿತು. ಅಷ್ಟರಲ್ಲಿ ಎಷ್ಟೋ ಕುರ್ಚಿಗಳು ಸಮುದ್ರ ದಾಟಿದ್ದವು.

ಇದರಲ್ಲಿ ನನಗೆ ತಮಾಷೆ ಅನಿಸುವುದು ಬೇರೆಯೇ. ಕುರ್ಚಿ ಎಲ್ಲಿಯದು ಎಂದು ತಿಳಿಯಲಿ ಅಂತ ಕಚೇರಿಯವರು ಬಣ್ಣದಲ್ಲಿ ಇಲಾಖೆಯ ಹೆಸರು, ನಂಬರು ಬರೆದಿದ್ದರು. ಆ ವಕ್ರ ಅಕ್ಷರಗಳೇ ಈಗ ಅಸಲಿಯ ಗುರುತು. ನಮ್ಮೂರ ಬಡಗಿಗೆ ಕೊಟ್ಟಿದ್ದರೆ ಮೊದಲು ಅದನ್ನೇ ಉಪ್ಪುಕಾಗದ ಹಾಕಿ ಉಜ್ಜಿ, ಪಳಪಳ ಹೊಳೆಯುವಂತೆ ಪಾಲಿಶ್ ಹೊಡೆದು, ಕೂಲಿಯನ್ನೂ ಕೇಳುತ್ತಿದ್ದ! ನಮ್ಮ ಕಚೇರಿಗಳ ಕುರ್ಚಿಗಳ ಬೆನ್ನಿಗೂ ನಂಬರಿದೆ. ಇನ್ನೂ ಯಾವ ಫ್ರೆಂಚರೂ ಬಂದಂತಿಲ್ಲ.

ನಂಬರೊಂದನ್ನೇ ನಂಬುವಂತೆಯೂ ಇಲ್ಲ. ಬಣ್ಣ, ಕುಂಚ ಇದ್ದರೆ ಯಾರು ಬೇಕಾದರೂ ಬರೆಯಬಹುದು, ಅಲ್ವಾ? ಅದಕ್ಕೇ ಆ ತಲೆಕೆಳಗಿನ ಪರೀಕ್ಷೆ. ಅಡಿಯಲ್ಲಿ ಪಾಲಿಶ್ ಅಷ್ಟಾಗಿ ತಲುಪಿರುವುದಿಲ್ಲ, ಮರದ ನಿಜಬಣ್ಣ ಅಲ್ಲಿ ಕಾಣುತ್ತದೆ. ಸ್ಕ್ರೂಗಳೆಲ್ಲ ಹೊಸದಾಗಿ ಹೊಳೆಯುತ್ತಿದ್ದರೆ ಯಾಕೆ ಎಂದು ಕೇಳಿ. ಮರದ ತೂತಿನಿಂದ ಸಣ್ಣ ಪುಡಿ ಉದುರಿದರೆ ಒಳಗೆ ಹುಳ ಇನ್ನೂ ಊಟ ಮಾಡುತ್ತಿದೆ. ಬೆತ್ತ ಹರಿದಿದ್ದರೆ ಹೆದರಬೇಡಿ, ಮತ್ತೆ ಹೆಣೆಸಬಹುದು. ಕೀಲು ಸೀಳಿದ್ದರೆ ಕಷ್ಟ. ಬೀಟೆಯ ವಿಷಯದಲ್ಲಿ ಮಲೆನಾಡಿನವರಿಗೆ ಪಾಠ ಬೇಕಿಲ್ಲ. ಕಪ್ಪು ಪಾಲಿಶ್ ಬಳಿದ ಯಾವುದೋ ಮರವನ್ನು ಬೀಟೆ ಎಂದರೆ, ಸುಮ್ನೆ ಒಂದು ಸಲ ಎತ್ತಿ ನೋಡುತ್ತಾರೆ. ಬೀಟೆಯ ಭಾರ ಕೈಗೆ ಗೊತ್ತು.

ಇಷ್ಟೆಲ್ಲ ಪರೀಕ್ಷಿಸಿ ಕೊಂಡ ಕುರ್ಚಿಯನ್ನು ಹೋಂಸ್ಟೇಯ ಜಗಲಿಯಲ್ಲಿ ಇಡುತ್ತಾರೆ. ಮುಳ್ಳಯ್ಯನಗಿರಿ ಹತ್ತಿ, ಮಳೆಯಲ್ಲಿ ನೆನೆದು ಬಂದ ಅತಿಥಿ ಅದರ ಮೇಲೆ ದೊಪ್ಪೆಂದು ಕೂತರೆ ಏನು ಗತಿ? ಅದಕ್ಕೇ ಪಕ್ಕದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನೂ ಹಾಕಿರುತ್ತಾರೆ.