ಆರ್‌ಎನ್‌ಎ ಅಂದರೆ ಸೀಳಿದ ಡಿಎನ್‌ಎ ಅಲ್ಲ

ಮಂಡ್ಯದ ಪಿಯುಸಿ ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಟಿಪ್ಪಣಿ ಓಡಾಡುತ್ತಿದೆ: "ಡಿಎನ್‌ಎ ಏಣಿಯನ್ನು ಉದ್ದಕ್ಕೆ ಸೀಳಿದರೆ ಸಿಗುವ ಅರ್ಧವೇ ಆರ್‌ಎನ್‌ಎ, ಒಂಟಿ ಎಳೆಯಾದ್ದರಿಂದ ಅದಕ್ಕೆ ಆಕಾರವಿಲ್ಲ." ಎರಡೂ ತಪ್ಪು. ದಯವಿಟ್ಟು ಪರೀಕ್ಷೆಯಲ್ಲಿ ಹೀಗೆ ಬರೆಯಬೇಡಿ.

ಡಿಎನ್‌ಎಯ ಒಂದು ಎಳೆಯನ್ನು ಅಚ್ಚಾಗಿಟ್ಟುಕೊಂಡು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಆರ್‌ಎನ್‌ಎಯನ್ನು ಹೊಸದಾಗಿಯೇ ಪೋಣಿಸುತ್ತದೆ. ಸಕ್ಕರೆಯೂ ಬೇರೆ, ರೈಬೋಸ್. ಎಳೆಯುದ್ದಕ್ಕೂ ಅಕ್ಷರಗಳಂತೆ ಸಾಲುಗಟ್ಟಿರುವ ಬೇಸ್‌ಗಳಲ್ಲಿ (ಎ, ಜಿ, ಸಿ ಮುಂತಾದವು) ಥೈಮಿನ್ ಜಾಗದಲ್ಲಿ ಯುರಾಸಿಲ್, ಅಂದರೆ ಯು.

ಇನ್ನು ಆಕಾರ. ಹೂ ಕಟ್ಟುವ ದಾರವನ್ನು ಬಿಗಿಯಾಗಿ ಹೊಸೆದು ಸಡಿಲ ಬಿಡಿ, ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಆರ್‌ಎನ್‌ಎ ಎಳೆಯೂ ಹಾಗೆ ಮಡಚಿಕೊಳ್ಳುತ್ತದೆ; ಆದರೆ ಅಲ್ಲಿ ಹಿಡಿದಿಡುವುದು ಹೊಸೆತವಲ್ಲ, ಎ ಜತೆ ಯು, ಜಿ ಜತೆ ಸಿ ಸೇರುವ ಬೇಸ್ ಜೋಡಿಗಳು. 1965ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಹಾಲಿ ತಂಡ ಯೀಸ್ಟ್‌ನ ಒಂದು ಟಿ-ಆರ್‌ಎನ್‌ಎಯ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ಬೇಸ್‌ಗಳ ಅನುಕ್ರಮವನ್ನು ಪೂರ್ತಿ ಬಿಡಿಸಿ, ಅದು ಮೂರೆಲೆ ಸೊಪ್ಪಿನಂತೆ ಮಡಚಿಕೊಳ್ಳಬಲ್ಲದೆಂದು ಆಗಲೇ ಸೂಚಿಸಿತ್ತು.