ಕರ್ಣನ ರಥಚಕ್ರದ ನಡುವೆ ಶೌಚಾಲಯದ ದ್ರಾವಣ

ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ತೆರೆದು ತಾಳಮದ್ದಳೆ ಹಾಕಿಕೊಡುವುದು ನನ್ನ ಕೆಲಸ. ಕಳೆದ ವಾರ ಕರ್ಣಪರ್ವ. ರಥದ ಚಕ್ರ ಹೂತುಹೋಗಿದೆ, ಅರ್ಥಧಾರಿಗಳು ದನಿ ತಗ್ಗಿಸಿ ಧರ್ಮದ ಪ್ರಶ್ನೆ ಎತ್ತುತ್ತಿದ್ದಾರೆ, ಅಪ್ಪನ ಕಣ್ಣು ತೇವವಾಗಿದೆ. ಅಷ್ಟರಲ್ಲಿ ಶೌಚಾಲಯ ತೊಳೆಯುವ ದ್ರಾವಣ ಹಿಡಿದ ನಟನೊಬ್ಬ ಕಿರುಚುತ್ತಾ ಬಂದ. ಅಪ್ಪ ಕನ್ನಡಕ ತೆಗೆದಿಟ್ಟು, “ಇದಕ್ಕೊಂದು ಗತಿ ಕಾಣಿಸು ಮಾರಾಯಾ” ಎಂದರು.

ಮೊದಲಾಗಿದ್ದರೆ ಎರಡು ನಿಮಿಷದ ಕೆಲಸ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿದರೆ ಮುಗಿಯಿತು. ರೇಮಂಡ್ ಹಿಲ್ ಎಂಬಾತ 2014ರಲ್ಲಿ ಹೊರತಂದ ಎಕ್ಸ್‌ಟೆನ್ಷನ್ ಅದು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ; ಅದಕ್ಕಾಗಿ ದೇಣಿಗೆಯನ್ನೂ ಆತ ಮುಟ್ಟುವುದಿಲ್ಲ. ಆದರೆ 2024ರ ಕೊನೆಯಿಂದ ಗೂಗಲ್ ತನ್ನ ಕ್ರೋಮ್ ಬ್ರೌಸರಿನಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸಿತು. ಹಳೆಯ ಪದ್ಧತಿಯಲ್ಲಿ ಪುಟದಿಂದ ಹೊರಡುವ ಪ್ರತಿಯೊಂದು ಕೋರಿಕೆಯನ್ನೂ ಎಕ್ಸ್‌ಟೆನ್ಷನ್ ತಾನೇ ತಡೆದು ನೋಡಿ, ಜಾಹೀರಾತಾದರೆ ಅಲ್ಲಿಯೇ ಮುರಿಯುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮದಲ್ಲಿ ಅದು ಏನೇನು ತಡೆಯಬೇಕೆಂದು ಮುಂಚಿತವಾಗಿ ಒಂದು ಪಟ್ಟಿ ಕೊಟ್ಟು ಸುಮ್ಮನಿರಬೇಕು, ತಡೆಯುವ ಕೆಲಸ ಬ್ರೌಸರಿನದು. ಈ ನಿಯಮಕ್ಕೆ ಹೊಂದುವ ಲೈಟ್ ಆವೃತ್ತಿಯೂ ಇದೆ, ಅಷ್ಟು ಬಲ ಅದಕ್ಕಿಲ್ಲ.

ಇದೆಲ್ಲ ಬಳಕೆದಾರರ ಸುರಕ್ಷತೆಗೆ ಎನ್ನುತ್ತದೆ ಗೂಗಲ್. ಸುಳ್ಳೆಂದು ತಳ್ಳಿಹಾಕಲಾರೆ. ನಮ್ಮ ಭಾವ ಹೆಸರು ನೋಡಿ ಮೋಸಹೋಗಿ ಯಾವುದೋ ನಕಲಿ ಬ್ಲಾಕರ್ ಹಾಕಿಕೊಂಡು, ಏನು ಹುಡುಕಿದರೂ ಸಾಲದ ಪುಟವೇ ತೆರೆಯುವ ಪಾಡು ಪಟ್ಟಿದ್ದಾರೆ. ಆದರೂ ಬ್ರೌಸರ್ ಮಾಡುವವರು, ಯೂಟ್ಯೂಬ್ ಒಡೆಯರು, ಅದರಲ್ಲಿ ಜಾಹೀರಾತು ಮಾರುವವರು ಮೂವರೂ ಒಬ್ಬರೇ ಆಗಿರುವಾಗ ಆ ಕಾಳಜಿಯನ್ನು ನಾನು ಪೂರ್ತಿ ನಂಬುವುದಿಲ್ಲ. 2023ರಲ್ಲಿ ಇದೇ ಯೂಟ್ಯೂಬ್, ಬ್ಲಾಕರ್ ತೆಗೆಯದಿದ್ದರೆ ಮೂರು ವಿಡಿಯೊಗಳ ನಂತರ ಬಾಗಿಲು ಮುಚ್ಚುತ್ತೇನೆಂದು ಹಲವರನ್ನು ಎಚ್ಚರಿಸಿತ್ತು.

ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ಎಂಬ ಬೇರೆ ಬ್ರೌಸರ್ ಹಾಕಿದೆ. ಅಲ್ಲಿ ಹಳೆಯ ಎಕ್ಸ್‌ಟೆನ್ಷನ್ ಇನ್ನೂ ನಡೆಯುತ್ತದೆ. ಕರ್ಣ ನಿರಾತಂಕವಾಗಿ ಸತ್ತ.

ಆಮೇಲೆ ನನಗೆ ಕಸಿವಿಸಿ. ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇಕಡಾ 55 ಚಾನೆಲಿನವರಿಗೆ ಸೇರಬೇಕು. ಒಂದು ಕ್ಯಾಮೆರಾ, ಎರಡು ಮೈಕ್ ಹಿಡಿದು ಬೆಳಗಿನವರೆಗೆ ನಿದ್ದೆಗೆಟ್ಟು ಕೂಟ ಚಿತ್ರೀಕರಿಸಿದವನಿಗೆ ಅಪ್ಪನ ನಾಲ್ಕು ಗಂಟೆಯಿಂದ ಬಿಡಿಗಾಸೂ ಹುಟ್ಟಲಿಲ್ಲ. ಜಾಹೀರಾತಿಲ್ಲದೆ ನೋಡಲು ಯೂಟ್ಯೂಬಿಗೆ ಕಟ್ಟುವ ಪ್ರೀಮಿಯಂ ಚಂದಾದಲ್ಲಿ ಅವನಿಗೂ ಪಾಲಿದೆ. ಆದರೆ ಕಾಟ ಕೊಡುವವರಿಗೇ ಕಾಟ ನಿಲ್ಲಿಸಲು ತಿಂಗಳು ತಿಂಗಳು ದುಡ್ಡು ಕಟ್ಟಲು ನನ್ನ ಹಟ ಬಿಡಲಿಲ್ಲ. ಅಪ್ಪನಿಗೆ ಹೇಳಿದೆ. “ಅವನ ನಂಬರ್ ಇದೆಯಲ್ಲ, ಐನೂರು ಕಳಿಸು” ಎಂದರು. ವಿಡಿಯೊ ಕೆಳಗೆ ಯುಪಿಐ ವಿವರವೂ ಇತ್ತು. ಕಳಿಸಿದೆ.

ಮರುದಿನ ಬೇರೆ ಪ್ರಸಂಗ. ಭಾಗವತರು ದನಿ ತೆಗೆಯುವ ಮೊದಲು ಸಂಘಟಕರೊಬ್ಬರು ಮೈಕ್ ಹಿಡಿದು ಪ್ರಾಯೋಜಕರಾದ ಅಡಿಕೆ ಮಂಡಿಯವರ ಮೂರು ತಲೆಮಾರಿನ ಸೇವೆಯನ್ನು ಕೊಂಡಾಡತೊಡಗಿದರು. ಐದು ನಿಮಿಷವಾದರೂ ಮುಗಿಯಲಿಲ್ಲ. ಮುಂದಕ್ಕೆ ಓಡಿಸಲು ಕೈ ಚಾಚಿದೆ.

“ಇರು, ಅವರು ನಮ್ಮ ಕಡೆಯವರು” ಎಂದರು ಅಪ್ಪ.