ಬೀನೋ ಆಲ್ಬಮ್ ಮತ್ತು ನಮ್ಮ ಮುಗಿಯದ ಜಗಳ

ನಿನ್ನೆ ಮತ್ತೆ ಜಗಳ ಆಯಿತು. ನಾವು ಮೂವರೂ ಐವತ್ತರ ಆಸುಪಾಸಿನವರು. ಒಬ್ಬನ ತಲೆಯಲ್ಲಿ ಕೂದಲಿಲ್ಲ, ಇನ್ನೊಬ್ಬನಿಗೆ ಸಕ್ಕರೆ ಕಾಯಿಲೆ, ನನಗೆ ಬೆನ್ನು ನೋವು. ಆದರೂ 1966ರಲ್ಲಿ ಲಂಡನ್ನಿನಲ್ಲಿ ಬಂದ ಒಂದು ರೆಕಾರ್ಡಿನ ಮಾತು ಬಂದರೆ ಸಾಕು, ಹಾಸ್ಟೆಲ್ ಹುಡುಗರ ಹಾಗೆ ದನಿ ಏರಿಸುತ್ತೇವೆ. ಪಕ್ಕದ ಟೇಬಲ್‌ನವರು ಇದು ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ ಅಂದುಕೊಂಡಿರಬೇಕು.

ರೆಕಾರ್ಡಿನ ಹೆಸರು 'ಬ್ಲೂಸ್ ಬ್ರೇಕರ್ಸ್ ವಿತ್ ಎರಿಕ್ ಕ್ಲಾಪ್ಟನ್'. ಇಂಗ್ಲೆಂಡಿನ ಗಾಯಕ ಜಾನ್ ಮೇಯಾಲ್ ಅವರ ತಂಡದ್ದು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ. ಅಭಿಮಾನಿಗಳು ಕರೆಯುವುದು 'ಬೀನೋ ಆಲ್ಬಮ್' ಅಂತ. ಮುಖಪುಟದಲ್ಲಿ ತಂಡದ ನಾಲ್ಕು ಜನ ಒಂದು ಹಳೇ ಗೋಡೆಯ ಮುಂದೆ ಕೂತಿದ್ದಾರೆ. ಅದರಲ್ಲಿ ಗಿಟಾರ್ ನುಡಿಸುವ ಕ್ಲಾಪ್ಟನ್ 'ಬೀನೋ' ಅನ್ನುವ ಮಕ್ಕಳ ಕಾಮಿಕ್ ಓದುತ್ತಿದ್ದಾನೆ. ಫೋಟೋ ತೆಗೆಸಿಕೊಳ್ಳೋದು ಅವನಿಗೆ ಆಗುತ್ತಿರಲಿಲ್ಲ, ಬೇಕೂಂತಲೇ ಅಸಹಕಾರ ಮಾಡಿದ್ದು ಅಂತ ಆಮೇಲೆ ಅವನೇ ಬರೆದುಕೊಂಡಿದ್ದಾನೆ. ಮದುವೆ ಮನೆಯ ಗ್ರೂಪ್ ಫೋಟೋದಲ್ಲಿ ಮುಖ ಗಂಟಿಕ್ಕಿಕೊಂಡು ನಿಲ್ಲುವ ಸೋದರಮಾವ ಒಬ್ಬ ಇರುತ್ತಾನಲ್ಲ, ಹಾಗೆ.

(ಕ್ಲಾಪ್ಟನ್‌ಗೆ ಏಕವಚನ, ಮೇಯಾಲ್‌ಗೆ ಬಹುವಚನ ಯಾಕೆ ಅಂತ ಕೇಳಬೇಡಿ. ಮುಂದೆ ಗೊತ್ತಾಗುತ್ತದೆ.)

ನಮ್ಮ ಜಗಳಕ್ಕೆ ಮೂಲ ಒಂದು ಕ್ಯಾಸೆಟ್. ಕಾಲೇಜಿನ ದಿನಗಳಲ್ಲಿ ರೂಂಮೇಟ್‌ನ ಅಣ್ಣ ಹೊರದೇಶದಿಂದ ರೆಕಾರ್ಡ್ ಮಾಡಿ ಕಳಿಸಿದ್ದು. ತೊಂಬತ್ತು ನಿಮಿಷದ್ದು. ಎ ಸೈಡ್‌ನಲ್ಲಿ ಇಡೀ ಬೀನೋ ಆಲ್ಬಮ್. ಬಿ ಸೈಡ್‌ನಲ್ಲಿ ಅದೇ ತಂಡ 1967ರಲ್ಲಿ ತಂದ 'ಎ ಹಾರ್ಡ್ ರೋಡ್'. ಅಷ್ಟು ಹೊತ್ತಿಗೆ ಕ್ಲಾಪ್ಟನ್ ತಂಡ ಬಿಟ್ಟಿದ್ದ, ಅವನ ಜಾಗದಲ್ಲಿ ಪೀಟರ್ ಗ್ರೀನ್ ಇದ್ದ. ನಾನು ಎ ಸೈಡ್ ಪಾರ್ಟಿ. ಕೂದಲಿಲ್ಲದವನು (ಆಗ ಭುಜದವರೆಗೆ ಕೂದಲಿತ್ತು) ಬಿ ಸೈಡ್ ಪಾರ್ಟಿ. ಸಕ್ಕರೆಯವನು ಎರಡೂ ಅಲ್ಲ, ಅವನದು ಬೇರೆಯೇ ತಕರಾರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಆಲ್ಬಮ್ ಯಾಕೆ ದೊಡ್ಡದು ಅಂತ ಹೇಳಿಬಿಡುತ್ತೇನೆ. ಹಾಡುಗಳಿಂದಲ್ಲ. ಸದ್ದಿನಿಂದ.

ಆ ಕಾಲದ ಸ್ಟುಡಿಯೋಗಳಲ್ಲಿ ಗಿಟಾರ್ ಆಂಪ್ಲಿಫೈಯರ್ ಅನ್ನು ಮೆಲ್ಲಗೆ ಇಟ್ಟುಕೊಳ್ಳಬೇಕಿತ್ತು. ಮೈಕನ್ನು ಅದರ ಮುಂದೆ ತಂದಿಟ್ಟು, ಅಚ್ಚುಕಟ್ಟಾಗಿ ರೆಕಾರ್ಡ್ ಮಾಡುವುದು ಪದ್ಧತಿ. ಜೋರು ಮಾಡಿದರೆ ಸದ್ದು ಒಡೆಯುತ್ತದೆ, ಬೇರೆ ಮೈಕ್‌ಗಳಿಗೂ ನುಗ್ಗುತ್ತದೆ. ಕ್ಲಾಪ್ಟನ್‌ಗೆ ಆಗ 21 ವರ್ಷ. ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಡೆಕ್ಕಾ ಸ್ಟುಡಿಯೋಗೆ ಬಂದವನೇ, ಕ್ಲಬ್ಬಿನಲ್ಲಿ ಎಷ್ಟು ಜೋರಾಗಿ ನುಡಿಸುತ್ತೇನೋ ಇಲ್ಲೂ ಅಷ್ಟೇ ಜೋರಾಗಿ ನುಡಿಸುವುದು ಅಂತ ಹಟ ಹಿಡಿದ. ಕೈಯಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್, ಎದುರಿಗೆ ಎರಡು ಸ್ಪೀಕರ್‌ಗಳ ಮಾರ್ಷಲ್ ಆಂಪ್. ಎಂಜಿನಿಯರ್ ಗಸ್ ಡಡ್ಜನ್ ತಲೆ ಮೇಲೆ ಕೈ ಹೊತ್ತುಕೊಳ್ಳುವ ಪರಿಸ್ಥಿತಿ. ನಿರ್ಮಾಪಕ ಮೈಕ್ ವರ್ನನ್ ಕೊನೆಗೆ ಹುಡುಗನ ಮಾತನ್ನೇ ನಡೆಸಿದರು.

ಹಳೇ ಆಂಪ್‌ಗಳಲ್ಲಿ ಇದ್ದದ್ದು ಗಾಜಿನ ವಾಲ್ವ್‌ಗಳು. ಹಳೇ ರೇಡಿಯೋ ಬಿಚ್ಚಿ ನೋಡಿದವರಿಗೆ ಗೊತ್ತು. ಅವುಗಳ ತಾಕತ್ತಿಗಿಂತ ಜಾಸ್ತಿ ಎಳೆದರೆ ಸದ್ದು ಸುಮ್ನೆ ಕೆಡುವುದಿಲ್ಲ. ದಪ್ಪ ಆಗುತ್ತದೆ, ಬೆಚ್ಚಗಾಗುತ್ತದೆ. ಮುಖ್ಯವಾಗಿ ಒಂದು ಸ್ವರ ಬೇಗ ಸಾಯುವುದಿಲ್ಲ. ಮಾಮೂಲಿ ಗಿಟಾರ್‌ನಲ್ಲಿ ತಂತಿ ಮೀಟಿದ ತಕ್ಷಣ ಸ್ವರ ಇಳಿಯೋಕೆ ಶುರು. ಇಲ್ಲಿ ಅದು ನಿಲ್ಲುತ್ತದೆ, ಉಸಿರು ಹಿಡಿದು ಹಾಡಿದ ಹಾಗೆ. ನಮ್ಮ ವೀಣೆಯವರು ಮೆಟ್ಟಿನ ಮೇಲೆ ತಂತಿ ಎಳೆದು ಗಮಕ ತರುತ್ತಾರಲ್ಲ, ಬ್ಲೂಸ್ ಗಿಟಾರ್‌ನವರೂ ತಂತಿ ಎಳೆಯುತ್ತಾರೆ. ಎಳೆದ ಸ್ವರ ಇಷ್ಟು ಹೊತ್ತು ನಿಂತರೆ ಏನೇನು ಮಾಡಬಹುದು ಅಂತ ಈ ಆಲ್ಬಮ್ ತೋರಿಸಿತು. ಇವತ್ತು ರಾಕ್ ಗಿಟಾರ್ ಅಂದಾಗ ನಮ್ಮ ಕಿವಿಗೆ ಬರುವ ಸದ್ದು ಇದೆಯಲ್ಲ, ಅದರ ದೊಡ್ಡ ಬೇರು ಒಂದು ಇಲ್ಲಿದೆ.

ನಂಬಿಕೆ ಬರದಿದ್ದರೆ 'ಹ್ಯಾವ್ ಯೂ ಹರ್ಡ್' ಹಾಕಿ. ನಿಧಾನದ ಬ್ಲೂಸ್. ಮೊದಲಿಗೆ ಸ್ಯಾಕ್ಸೋಫೋನ್, ಆಮೇಲೆ ಮೇಯಾಲ್ ಹಾಡುತ್ತಾರೆ, ಎಲ್ಲ ಮಾಮೂಲು. ಆಮೇಲೆ ಗಿಟಾರ್ ಬರುತ್ತದೆ. ಬರುತ್ತದೆ ಅನ್ನೋದು ತಪ್ಪು, ಬಾಗಿಲು ಒದ್ದುಕೊಂಡು ಒಳಗೆ ನುಗ್ಗುತ್ತದೆ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಆ ಜಾಗ ಬಂದಾಗ ಈಗಲೂ ಕೈಯಲ್ಲಿ ಏನಿದ್ದರೂ ಕೆಳಗಿಡುತ್ತೇನೆ.

ಇನ್ನೊಂದು ವಿಷಯ. ಗಿಬ್ಸನ್‌ನವರು ಆ ಮಾದರಿಯ ಲೆಸ್ ಪಾಲ್ ಮಾಡುವುದನ್ನು 1960ರ ಹೊತ್ತಿಗೆ ನಿಲ್ಲಿಸಿಬಿಟ್ಟಿದ್ದರು. ಭಾರ, ದುಬಾರಿ, ವ್ಯಾಪಾರ ಇಲ್ಲ. ಅಮೆರಿಕದ ಬ್ಲೂಸ್ ಗಿಟಾರ್‌ನವನು ಫ್ರೆಡಿ ಕಿಂಗ್‌ನ ಆಲ್ಬಮ್ ಮುಖಪುಟದಲ್ಲಿ ಲೆಸ್ ಪಾಲ್ ನೋಡಿ ಕ್ಲಾಪ್ಟನ್ ಆ ಹಳೇ ಮಾಲು ಹುಡುಕಿ ಕೊಂಡಿದ್ದು. ಬೀನೋ ಆಲ್ಬಮ್ ಕೇಳಿದವರೆಲ್ಲ ಅದೇ ಬೇಕು ಅನ್ನೋಕೆ ಶುರು ಮಾಡಿದರು. 1968ರಲ್ಲಿ ಗಿಬ್ಸನ್ ಮತ್ತೆ ಲೆಸ್ ಪಾಲ್ ಮಾರುಕಟ್ಟೆಗೆ ತಂದಿತು. ಕ್ಲಾಪ್ಟನ್‌ನ ಗಿಟಾರ್ ಮಾತ್ರ 1966ರ ಬೇಸಿಗೆಯಲ್ಲೇ ಕಳುವಾಯಿತು.

ಸರಿ, ಹೊಗಳಿದ್ದು ಸಾಕು.

ಪೂರ್ತಿ ಆಲ್ಬಮ್ ಆಗಿ ಇದು ಏರುಪೇರು. ಎ ಸೈಡ್ ಪಾರ್ಟಿಯಲ್ಲಿದ್ದುಕೊಂಡೇ ಒಪ್ಪಿಕೊಳ್ಳುತ್ತೇನೆ. 'ವಾಟ್ ಐ ಸೇ' ಹಾಡಿನಲ್ಲಿ ಡ್ರಮ್ ಸೋಲೋ ಇದೆ. ಹ್ಯೂಯಿ ಫ್ಲಿಂಟ್ ಒಳ್ಳೇ ಡ್ರಮ್ಮರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಛೇರಿಯಲ್ಲಿ ತನಿ ಶುರುವಾದ ಕೂಡಲೇ ಅರ್ಧ ಸಭೆ ಕ್ಯಾಂಟೀನಿಗೆ ಎದ್ದು ಹೋಗುತ್ತದಲ್ಲ, ಇಲ್ಲೂ ನನಗೆ ಕಾಫಿ ನೆನಪಾಗುತ್ತದೆ. ಸೋಲೋ ಮುಗಿಯುತ್ತಿದ್ದ ಹಾಗೆ ಗಿಟಾರ್‌ನಲ್ಲಿ ಬೀಟಲ್ಸ್‌ನ 'ಡೇ ಟ್ರಿಪ್ಪರ್' ತುಣುಕೊಂದು ನುಸುಳುತ್ತದೆ. ಆ ತುಂಟತನಕ್ಕಾಗಿ ವಾಪಸ್ ಬಂದು ಕೂರಬಹುದು. 'ಅನದರ್ ಮ್ಯಾನ್' ಪೂರ್ತಿ ಮೌತ್ ಆರ್ಗನ್ ಮತ್ತು ಚಪ್ಪಾಳೆ. ಗಿಟಾರ್‌ಗಾಗಿ ಬಂದವನಿಗೆ ಅದು ಬಸ್ ಸ್ಟಾಪ್.

ಮೇಯಾಲ್ ಕಂಠದ ಬಗ್ಗೆಯೂ ದೂರು ಇದೆ. ತೆಳು ದನಿ, ಸ್ವಲ್ಪ ಮೂಗಿನಲ್ಲಿ ಬರುತ್ತದೆ. ಬ್ಲೂಸ್ ಹಾಡಲು ಬೇಕಾದ ಒರಟು ಅದರಲ್ಲಿ ಕಮ್ಮಿ. ನಿಜ. 'ರ‍್ಯಾಂಬ್ಲಿಂಗ್ ಆನ್ ಮೈ ಮೈಂಡ್'ನಲ್ಲಿ ಕ್ಲಾಪ್ಟನ್ ಮೊದಲ ಸಲ ಒಬ್ಬನೇ ಹಾಡಿದ್ದಾನೆ. ಪಾಪ, ಹೆದರಿದ್ದು ಕೇಳಿಸುತ್ತದೆ. ನನಗೆ ಅದು ಇಷ್ಟ. ಗಿಟಾರ್‌ನಲ್ಲಿ ಹುಲಿ ಆದವನು ಬಾಯಿ ಬಿಟ್ಟರೆ ಇನ್ನೂ ಹುಡುಗ.

ಈಗ ಸಕ್ಕರೆಯವನ ತಕರಾರು. ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ. "ಲೋ, ಇದರಲ್ಲಿ ಅವರ ಸ್ವಂತದ್ದು ಏನಿದೆಯೋ? 'ಆಲ್ ಯುವರ್ ಲವ್' ಓಟಿಸ್ ರಷ್‌ದು. 'ಹೈಡವೇ' ಫ್ರೆಡಿ ಕಿಂಗ್‌ದು. ಒರಿಜಿನಲ್ ಕೇಳಿದವನಿಗೆ ಇದು ಯಾಕೆ ಬೇಕು?"

ಅವನ ಮಾತಿಗೆ ಆಧಾರ ಇದೆ. ಓಟಿಸ್ ರಷ್ ಶಿಕಾಗೋದಲ್ಲಿ ಆ ಹಾಡನ್ನು 1958ರಲ್ಲೇ ಮಾಡಿದ್ದ, ಕೋಬ್ರಾ ಅನ್ನುವ ಸಣ್ಣ ಕಂಪನಿಗೆ. ಆ ಕಂಪನಿ ಬೇಗ ಮುಚ್ಚಿಹೋಯಿತು. ಅವನ ದನಿಯಲ್ಲಿ ಇರುವ ನೋವು ಮೇಯಾಲ್‌ಗೆ ಜನ್ಮದಲ್ಲಿ ಬರುವುದಿಲ್ಲ. ಅಂಥ ಕಲಾವಿದನ 'ರೈಟ್ ಪ್ಲೇಸ್, ರಾಂಗ್ ಟೈಮ್' ಆಲ್ಬಮ್ 1971ರಲ್ಲಿ ರೆಕಾರ್ಡ್ ಆಗಿ, ಜನರ ಕೈಗೆ ಬಂದದ್ದು 1976ರಲ್ಲಿ. ಐದು ವರ್ಷ ಡಬ್ಬದಲ್ಲಿ ಕೊಳೆಯಿತು. ಹೆಸರೇ ಅಣಕಿಸುವಂತಿದೆ ಅಲ್ವಾ? ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಬಿಳಿ ಹುಡುಗರು ಅದೇ ಸಂಗೀತದಿಂದ ಕ್ರೀಡಾಂಗಣ ತುಂಬಿಸುತ್ತಿದ್ದರು.

1976 ಅಂದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆಯ ಮೇಲೆ ಕುಡಿದ ಅಮಲಿನಲ್ಲಿ ಕ್ಲಾಪ್ಟನ್ ವಲಸಿಗರ ವಿರುದ್ಧ ಹೊಲಸು ಮಾತಾಡಿದ. ಬ್ರಿಟನ್ನಿಗೆ ಕಪ್ಪು ಜನ, ನಮ್ಮ ಜನ ಬರುವುದನ್ನು ವಿರೋಧಿಸುತ್ತಿದ್ದ ರಾಜಕಾರಣಿ ಇನಾಕ್ ಪವೆಲ್‌ಗೆ ಬೆಂಬಲ ಕೊಡಿ ಅಂದ. 'ರಾಕ್ ಅಗೇನ್ಸ್ಟ್ ರೇಸಿಸಂ' ಚಳವಳಿ ಹುಟ್ಟಲು ಅದೊಂದು ಕಾರಣ. ಮುಂದೆ ಅವನು ನಾಚಿಕೆಯಾಗುತ್ತದೆ ಅಂತ ಹೇಳಿಕೊಂಡ. ಹೇಳಿಕೊಳ್ಳಲಿ. ಕಪ್ಪು ಜನರ ಅನ್ನ ಉಂಡು ಎಲೆಗೆ ಉಗುಳಿದ ಹಾಗಲ್ಲವಾ ಅದು? ಅವನಿಗೆ ದಾರಿ ತೋರಿಸಿದ ಫ್ರೆಡಿ ಕಿಂಗ್ ಅದೇ ಡಿಸೆಂಬರ್‌ನಲ್ಲಿ 42ನೇ ವಯಸ್ಸಿಗೆ ಡಲ್ಲಾಸ್‌ನಲ್ಲಿ ತೀರಿಕೊಂಡ. ಇದೆಲ್ಲ ಓದಿದ ಮೇಲೆ ಒಂದಷ್ಟು ತಿಂಗಳು ಆ ಕ್ಯಾಸೆಟ್ ನಾನು ಮುಟ್ಟಲಿಲ್ಲ.

ಆದರೆ ಸಕ್ಕರೆಯವನ ಜೊತೆ ಒಂದು ಕಡೆ ನನಗೆ ಜಗಳ ಉಳಿದಿದೆ. ಒರಿಜಿನಲ್ 'ಹೈಡವೇ' ಕುಣಿಯುವವರ ಸಂಗೀತ, ಚುರುಕಾಗಿದೆ, ನಗುತ್ತಾ ನುಡಿಸಿದಂತಿದೆ. ಹೆಸರೇ ಶಿಕಾಗೋದ ಒಂದು ಬಾರಿನದು. ಬೀನೋ ಆಲ್ಬಮ್‌ನಲ್ಲಿ ಅದೇ ಸ್ವರಗಳು ಬಾರು ಬಿಟ್ಟು ಬೀದಿಗೆ ಬಂದಿವೆ. ಒಂದೇ ಕೀರ್ತನೆಯನ್ನು ಇಬ್ಬರು ಹಾಡಿದರೆ ಒಬ್ಬರದ್ದು ಕಳ್ಳಮಾಲು ಅನ್ನುತ್ತೇವಾ? ಮೊದಲು ಹಾಡಿದವರಿಗೆ ದುಡ್ಡು, ಹೆಸರು ಸಿಗಲಿಲ್ಲ ಅನ್ನೋದು ಅನ್ಯಾಯ. ಎರಡನೆಯದು ಕೆಟ್ಟ ಸಂಗೀತ ಅನ್ನೋದು ಬೇರೆ ಮಾತು. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು. (ಇದಕ್ಕೆ ಅವನ ಉತ್ತರ: "ದುಡ್ಡು ನಿಂದಾಗಿದ್ದರೆ ಹೀಗೆ ಮಾತಾಡ್ತಿದ್ದೆಯಾ?" ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಕಾಫಿ ಬಿಲ್ ನಾನೇ ಕೊಟ್ಟೆ.)

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಈ ಆಲ್ಬಮ್‌ನ ಹೀರೋ ಕ್ಲಾಪ್ಟನ್ ಅಲ್ಲ ಅಂತ ನನಗೆ ಇತ್ತೀಚೆಗೆ ಅನಿಸುತ್ತಿದೆ. ಹೀರೋ ಮೇಯಾಲ್.

1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ಪಾಪ್ ಹಾಡಿನ ಕಡೆ ಹೊರಳಿತು ಅಂತ ಕ್ಲಾಪ್ಟನ್ ಸಿಟ್ಟಾಗಿ ಹೊರಗೆ ಬಂದ. ಮೇಯಾಲ್ ಕರೆದು ಸೇರಿಸಿಕೊಂಡರು. ಅವನಿಗಿಂತ ಹನ್ನೊಂದು ವರ್ಷ ದೊಡ್ಡವರು. ಲಂಡನ್ನಿನ ಲೀ ಗ್ರೀನ್‌ನ ತಮ್ಮ ಮನೆಯಲ್ಲೇ ಜಾಗ ಕೊಟ್ಟರು. ಅವರ ಹತ್ತಿರ ಬ್ಲೂಸ್ ರೆಕಾರ್ಡುಗಳ ರಾಶಿಯೇ ಇತ್ತು. ಹುಡುಗ ಕೂತು ಕೇಳಿದ, ಕೇಳುತ್ತಾ ನುಡಿಸಿದ. ಗುರುಕುಲ ಅಂದರೆ ಮತ್ತೇನು? ಅಷ್ಟಾದ ಮೇಲೂ ಅದೇ ಆಗಸ್ಟ್‌ನಲ್ಲಿ ಅವನು ಗೆಳೆಯರ ಜೊತೆ ಸೇರಿಕೊಂಡು ಗ್ರೀಸ್ ಕಡೆ ಹೊರಟುಬಿಟ್ಟ. ಮೇಯಾಲ್ ಹೇಗೋ ಕೆಲವರನ್ನು ಹಾಕಿಕೊಂಡು ನಡೆಸಿದರು. ಆಗ ಕೊನೆಗೆ ಸಿಕ್ಕವನೇ ಪೀಟರ್ ಗ್ರೀನ್. ಕ್ಲಾಪ್ಟನ್ ನವೆಂಬರ್‌ನಲ್ಲಿ ವಾಪಸ್ ಬಂದ, ಮೇಯಾಲ್ ಮತ್ತೆ ಕೆಲಸ ಕೊಟ್ಟರು. ನಾನಾಗಿದ್ದರೆ ಗೇಟಿನ ಹತ್ತಿರವೂ ಬಿಡುತ್ತಿರಲಿಲ್ಲ.

ಆಮೇಲೆ ಆಲ್ಬಮ್ ಮಾಡಿದಾಗ ಮುಖಪುಟದ ಮೇಲೆ ಅವನ ಹೆಸರನ್ನೂ ಹಾಕಿದರು. ಅವನಿಗೆ ಬೇಕಾದಷ್ಟು ಜೋರಾಗಿ ನುಡಿಸಲು ಬಿಟ್ಟರು. ತಮ್ಮದೇ ಆಲ್ಬಮ್‌ನಲ್ಲಿ ತಮ್ಮ ಕಂಠವೇ ಪಕ್ಕವಾದ್ಯದಂತೆ ಆಗುತ್ತಿದ್ದರೂ ತಡೆಯಲಿಲ್ಲ. ನಮ್ಮ ಕಡೆ ಪಿಟೀಲಿನವರಿಗೆ ಎರಡು ಚಪ್ಪಾಳೆ ಜಾಸ್ತಿ ಬಿದ್ದರೆ ಮುಖ ಊದಿಸಿಕೊಳ್ಳುವ ಗಾಯಕರನ್ನು ನೋಡಿದ್ದೇನೆ. ಅದಕ್ಕೇ ಅವರಿಗೆ ಬಹುವಚನ.

ಜುಲೈನಲ್ಲಿ ಆಲ್ಬಮ್ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಏರಿದಾಗ ಕ್ಲಾಪ್ಟನ್ ತಂಡದಲ್ಲೇ ಇರಲಿಲ್ಲ. ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಜೊತೆ ಕ್ರೀಮ್ ಅನ್ನುವ ತಂಡ ಕಟ್ಟಲು ಹೋಗಿದ್ದ. ತಮಾಷೆ ಏನು ಗೊತ್ತಾ? ಈ ಆಲ್ಬಮ್‌ನಲ್ಲಿ ಇರುವ 'ಡಬಲ್ ಕ್ರಾಸಿಂಗ್ ಟೈಮ್' ಹಾಡನ್ನು ಮೇಯಾಲ್ ಮತ್ತು ಕ್ಲಾಪ್ಟನ್ ಸೇರಿ ಬರೆದದ್ದು, ಮೇಯಾಲ್ ತಂಡ ಬಿಟ್ಟು ಮ್ಯಾನ್‌ಫ್ರೆಡ್ ಮ್ಯಾನ್ ಅನ್ನುವ ತಂಡದ ಕಡೆ ಹೋದ ಅದೇ ಜ್ಯಾಕ್ ಬ್ರೂಸ್‌ನ ಮೇಲಿನ ಸಿಟ್ಟಿಗೆ. ಕೆಲವೇ ತಿಂಗಳಲ್ಲಿ ಬೈದವನು, ಬೈಸಿಕೊಂಡವನು ಇಬ್ಬರೂ ಒಂದಾದರು. ಮೇಯಾಲ್ ಒಬ್ಬರೇ ಉಳಿದರು.

ಮುಂದಿನ ಆಲ್ಬಮ್‌ಗೆ ಸ್ಟುಡಿಯೋಗೆ ಬಂದಾಗ ಕ್ಲಾಪ್ಟನ್ ಕಾಣದೆ ಮೈಕ್ ವರ್ನನ್ ಗಾಬರಿಯಾದರಂತೆ. ಯೋಚನೆ ಬೇಡ, ಅವನಿಗಿಂತ ಒಳ್ಳೆಯವನು ಸಿಕ್ಕಿದ್ದಾನೆ ಅಂದರಂತೆ ಮೇಯಾಲ್. ಪೀಟರ್ ಗ್ರೀನ್‌ನ 'ದಿ ಸೂಪರ್‌ನ್ಯಾಚುರಲ್' ಕೇಳಿದರೆ ಅದು ಬರೀ ಜಂಬ ಅನಿಸುವುದಿಲ್ಲ. ಒಂದೊಂದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂದರೆ ಮೈ ಜುಮ್ ಅನ್ನುತ್ತದೆ. ಕ್ಲಾಪ್ಟನ್ ಕೂಗಿ ಹೇಳಿದ್ದನ್ನು ಇವನು ಕಿವಿಯಲ್ಲಿ ಹೇಳುತ್ತಾನೆ. ಗ್ರೀನ್ ಹೋಗಿ ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದ. ಆ ಹೆಸರಿನ 'ಮ್ಯಾಕ್' ಬೀನೋ ಆಲ್ಬಮ್‌ನಲ್ಲಿ ಬೇಸ್ ನುಡಿಸಿದ ಜಾನ್ ಮೆಕ್‌ವೀ. ಆಮೇಲೆ ಬಂದವನು ಹದಿನೆಂಟರ ಹುಡುಗ ಮಿಕ್ ಟೇಲರ್. ಅವನನ್ನು ರೋಲಿಂಗ್ ಸ್ಟೋನ್ಸ್ ಎತ್ತಿಕೊಂಡು ಹೋದರು. ಮೇಯಾಲ್ ಮತ್ತೆ ಹೊಸಬರನ್ನು ಹುಡುಕಿದರು.

ಕೂದಲಿಲ್ಲದವನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದರೆ ಬಿ ಸೈಡೇ ಮೇಲು ಅಂತ ಒಪ್ಪಿಕೊಂಡ ಹಾಗಾಯ್ತಲ್ಲೋ" ಅಂದ. ಇಲ್ಲ, ಒಪ್ಪಿಲ್ಲ. ಎ ಹಾರ್ಡ್ ರೋಡ್ ಹೆಚ್ಚು ಹದವಾದ ಆಲ್ಬಮ್, ಸರಿ. ಆದರೆ ಬೀನೋದಲ್ಲಿ ಮೊದಲ ಸಲ ಬಾಗಿಲು ಒದ್ದ ಸದ್ದಿದೆ. ತೆರೆದ ಬಾಗಿಲಿನಿಂದ ಒಳಗೆ ಬರುವವನು ಎಷ್ಟೇ ಚೆನ್ನಾಗಿ ನಡೆದು ಬರಲಿ, ಆ ಸದ್ದು ಅವನಿಗೆ ಸಿಗುವುದಿಲ್ಲ.

ಮೇಯಾಲ್ ತೀರಿಕೊಂಡದ್ದು 2024ರ ಜುಲೈ 22ರಂದು, ತೊಂಬತ್ತನೇ ವಯಸ್ಸಿನಲ್ಲಿ. ಬೀನೋ ಆಲ್ಬಮ್ ಬಿಡುಗಡೆಯಾದದ್ದು 1966ರ ಜುಲೈ 22ರಂದು. ಸುದ್ದಿ ನೋಡಿದ ದಿನ ನಾವು ಮೂವರೂ ಫೋನಿನಲ್ಲಿ ಜಗಳ ಆಡಲಿಲ್ಲ. ಯಾವತ್ತೂ ಇಲ್ಲದ್ದು. ನಾನು ಆಲ್ಬಮ್ ಶುರುವಿನಿಂದ ಹಾಕಿದೆ, ಒಂದು ಹಾಡೂ ಹಾರಿಸದೆ. ಡ್ರಮ್ ಸೋಲೋ ಬಂದಾಗಲೂ ಏಳಲಿಲ್ಲ. 'ಅನದರ್ ಮ್ಯಾನ್'ನಲ್ಲಿ ಮೇಯಾಲ್ ಒಬ್ಬರೇ ಮೌತ್ ಆರ್ಗನ್ ಊದುತ್ತಾ ಹಾಡುತ್ತಾರಲ್ಲ, ಇಷ್ಟು ವರ್ಷ ಬಸ್ ಸ್ಟಾಪ್ ಅಂತ ಬೈದ ಆ ಹಾಡನ್ನು ಎರಡು ಸಲ ಕೇಳಿದೆ.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಇದರಲ್ಲಿ ಮೋನೋ, ಸ್ಟೀರಿಯೋ ಎರಡೂ ಇವೆ. ಮೊದಲು ಬಂದದ್ದು ಮೋನೋ. ಅದನ್ನೇ ಹುಡುಕಿ ಕೇಳಿ, ಸ್ವಲ್ಪ ಜೋರಾಗಿ. ಸ್ಟೀರಿಯೋನೇ ಚೆಂದ ಅನ್ನುವವರು ದಯವಿಟ್ಟು ಇಲ್ಲಿ ಬರೆಯಬೇಡಿ, ನೇರ ಕಾಫಿಗೆ ಬನ್ನಿ. ನಮಗೆ ನಾಲ್ಕನೆಯವನ ಅಗತ್ಯ ಇದೆ.